ಗುಲಾಬಿಗೆ ಬಂದ ರೋಗ

ಬೆಳಿಗ್ಗೆ ಎದ್ದು ನೋಡಿದರೆ ಗುಲಾಬಿ ಗಿಡದ ಎಲೆಗಳ ಅಂಚಿನಲ್ಲಿ ಯಾರೋ ಕತ್ತರಿ ಹಿಡಿದು ಅರ್ಧಚಂದ್ರಗಳನ್ನು ತೆಗೆದಂತಿತ್ತು. ಸಿಟ್ಟು ಬಂದದ್ದು ಅದಕ್ಕಲ್ಲ. ಗಿಡದ ಕಡೆ ಪೂರ್ತಿ ತಿರುಗದೆಯೇ ಕಾಂಪೌಂಡಿನಾಚೆಯಿಂದ ಬಂತಲ್ಲ ಒಂದು ಮಾತು, ಅದಕ್ಕೆ: "ಅಕ್ಕೋರ, ರೋಗ ಬಿದ್ದೈತಿ. ಎಣ್ಣಿ ಹೊಡೀರಿ." ಹಾಲಿನವನದೂ ಅದೇ ತೀರ್ಪು. ಹಿಂದಿನ ಮನೆಯ ಅಜ್ಜಿ ಮಾತ್ರ, "ದೃಷ್ಟಿ ತಾಕೇತಿ, ಒಂದು ಹಳೇ ಕೆರ ಕಟ್ಟವ್ವಾ" ಅಂದಳು. ಮೂವರಲ್ಲಿ ಅಜ್ಜಿಯೇ ಒಳ್ಳೆಯ ವೈದ್ಯೆ. ಕೆರದಿಂದ ಯಾವ ಜೀವಕ್ಕೂ ಅಪಾಯವಿಲ್ಲ.

ಕತ್ತರಿಸಿದ್ದು ಒಂದು ಒಂಟಿ ಜೇನು. ಜೇನುಹುಟ್ಟಿಲ್ಲ, ಹಿಂಡಿಲ್ಲ. ಎಲೆಯನ್ನು ಅದು ತಿನ್ನುವುದೂ ಇಲ್ಲ. ತುಂಡುಗಳನ್ನು ಹೊತ್ತೊಯ್ದು ಗೋಡೆಯ ತೂತಿನಲ್ಲೋ ಪೊಳ್ಳು ಕಡ್ಡಿಯಲ್ಲೋ ಸುತ್ತಿ ಕೋಣೆ ಕಟ್ಟಿ, ಪರಾಗ, ಮಕರಂದದ ಬುತ್ತಿ ಇಟ್ಟು, ಮೇಲೊಂದು ಮೊಟ್ಟೆಯಿಟ್ಟು ಮುಚ್ಚುತ್ತದೆ. ಗುಲಾಬಿಗೆ ನಷ್ಟ ನಾಲ್ಕು ಎಲೆಯ ಅಂಚು. ಬಾಣಂತನಕ್ಕೆ ಸಿದ್ಧತೆ ಮಾಡಿಕೊಳ್ಳುತ್ತಿರುವವಳ ಮೇಲೆ ಎಣ್ಣಿ ಎಂಬ ವಿಷ ಹೊಡೆಯಬೇಕಂತೆ!

ನೀರು ಹೆಚ್ಚಾದರೂ ಕಡಿಮೆಯಾದರೂ ಗಿಡ ಬಾಡುತ್ತದೆ, ಬಿಸಿಲು ಬೇಕು, ಗೊಬ್ಬರ ಬೇಕು ಎಂಬುದೆಲ್ಲ ಎಲ್ಲರಿಗೂ ಗೊತ್ತು, ಬಿಡಿ. ಗೊತ್ತಿದ್ದೂ ಮಾಡದ ಕೆಲಸ ಒಂದೇ: ಎಲೆಯನ್ನು ಹಿಡಿದು ನೋಡುವುದು. ಕೆಳಗಿನ ಹಳೆಯ ಎಲೆಗಳು ಮೊದಲು ಹಳದಿಯಾದರೆ ಸಾಮಾನ್ಯವಾಗಿ ಸಾರಜನಕದ ಕೊರತೆ. ತುದಿಯ ಎಳೆ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದ ಕೊರತೆ. ನಮ್ಮ ಕುಕನೂರಿನ ಎರಿ ಮಣ್ಣಿನಲ್ಲಿ ಕಬ್ಬಿಣಕ್ಕೇನು ಬರವಿಲ್ಲ, ಆದರೆ ಸುಣ್ಣದಂಶ ಹೆಚ್ಚಿದ್ದಲ್ಲಿ ಬೇರಿಗೆ ಅದು ದಕ್ಕುವುದಿಲ್ಲ. ಕುಂಡದ ಅಂಚಿಗೆ ಬಿಳಿ ಪದರ ಕಟ್ಟುವ ಬೋರಿನ ಗಡಸು ನೀರು ಕಷ್ಟವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಇದಕ್ಕೂ ಎಣ್ಣಿಯೇ ಮದ್ದೇ?

ಎಣ್ಣಿಯ ವಿಷಯ ಬಂದರೆ ನನ್ನ ಬಾಯಿ ಮುಚ್ಚುವುದಿಲ್ಲ ಎಂದು ಮನೆಯವರ ದೂರು. ಮುಚ್ಚುವುದಾದರೂ ಹೇಗೆ? ಕುಷ್ಟಗಿ, ಯಲಬುರ್ಗಾ ಕಡೆಯ ದಾಳಿಂಬೆ ತೋಟಗಳನ್ನು ಕಾಡುವ ಅಂಗಮಾರಿ ದುಂಡಾಣುವಿನಿಂದ ಬರುವ ರೋಗ. ಮಳೆಹನಿಯ ಸಿಡಿತದಿಂದ, ತೊಳೆಯದ ಸವರುವ ಕತ್ತರಿಯಿಂದ, ಸೋಂಕಿದ ಸಸಿಯಿಂದ ಹರಡುತ್ತದೆ. ಹುಳ ಕೊಲ್ಲುವ ಔಷಧಿಗೆ ಅದು ಹೆದರೀತೇ? ಕತ್ತರಿ ತೊಳೆಯಿರಿ ಎಂದರೆ ಯಾರೂ ಕೇಳುವುದಿಲ್ಲ, ಏಕೆಂದರೆ ತೊಳೆಯುವುದಕ್ಕೆ ಬಿಲ್ಲು ಕೊಡುವ ಅಂಗಡಿಯಿಲ್ಲ. ಬಾಟಲಿಯೊಂದನ್ನು ಕೈಯಲ್ಲಿ ಹಿಡಿದು ಬಂದರೇ ನಮಗೆ ಏನೋ ಮಾಡಿದ ಸಮಾಧಾನ. ದಾಸವಾಳದ ಚಿಗುರಿಗೆ ಹಿಟ್ಟು ತಿಗಣೆ ಹತ್ತಿದಾಗಲೂ ಅಷ್ಟೇ. ತಿಗಣೆಯ ಸಿಹಿ ಅಂಟಿಗಾಗಿ ಅದನ್ನು ಕಾಯುವ ಇರುವೆಗಳ ಸಾಲು ಕಣ್ಣಿಗೆ ಬೀಳುವುದೇ ಇಲ್ಲ. ಅದೇ ಟೊಂಗೆಯಲ್ಲಿ ಗುಲಗಂಜಿ ಹುಳವೊಂದು ತಿಗಣೆ ತಿನ್ನುತ್ತ ಕೂತಿದ್ದರೆ ಅದಕ್ಕೂ ಸೇರಿಸಿ ಸ್ನಾನ.

ಗಿಡಕ್ಕೆ ಮದ್ದು ಹುಡುಕುವುದು ಹೊಸ ಹುಚ್ಚೇನಲ್ಲ. ಕಲ್ಯಾಣದ ಚಾಲುಕ್ಯ ಜಯಸಿಂಹನ ಕಾಲದಲ್ಲಿ, 1025ರ ಸುಮಾರಿಗೆ, ಎರಡನೆಯ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಅಡುಗೆ, ಜ್ಯೋತಿಷ, ಬಾವಿ ತೋಡುವುದರ ಜೊತೆಗೆ ವೃಕ್ಷಾಯುರ್ವೇದವೂ ಇದೆ. ಇಲ್ಲೇ ಪಕ್ಕದ ಇಟಗಿಯ ಮಹಾದೇವ ಗುಡಿ ಎದ್ದದ್ದು 1112ರಲ್ಲಿ. ಅಂದರೆ ಆ ಗುಡಿಗಿಂತ ನಮ್ಮ ಗಿಡವೈದ್ಯ ಹಳೆಯದು. ಸಂಸ್ಕೃತದಲ್ಲಿ ಸುರಪಾಲನಂತೂ ಮರಗಳಿಗೂ ವಾತ, ಪಿತ್ತ, ಕಫ ಹಚ್ಚಿದ. ಇಂದಿನವರು ನಗಬಹುದು. ಆದರೆ ಪಿತ್ತವೋ ಕಫವೋ ಎಂದು ಹೇಳಲಿಕ್ಕಾದರೂ ಆತ ಗಿಡದ ಹತ್ತಿರ ಹೋಗಲೇಬೇಕಿತ್ತಲ್ಲ!

ಹತ್ತಿರ ಹೋದರೆ ಬೇರೆಯವರೂ ಸಿಗುತ್ತಾರೆ. ಬೇಲಿಯ ಮೇಲೆ ಗೋಣು ಹಾಕುವ ಓತಿಕ್ಯಾತ, ಅದನ್ನು ಕಂಡರೆ ಕಲ್ಲಿಗೆ ಕೈ ಹಾಕುವ ನಮ್ಮ ಶಾಲೆಯ ಹುಡುಗರು. ಅದು ದಿನವಿಡೀ ಹುಳ ಹಿಡಿಯುತ್ತದೆ, ಕೂಲಿ ಕೇಳುವುದಿಲ್ಲ ಎಂದರೆ, "ಹಂಗಾದ್ರ ಅದಕ್ಕ ಬಣ್ಣ ಯಾಕ ಬದಲಾಗತೈತ್ರೀ ಅಕ್ಕೋರ?" ಎಂದು ಕೇಳುತ್ತಾರೆ. ಕಲ್ಲು ಕೆಳಗಿಟ್ಟು ಕೇಳಿದರೆ ಉತ್ತರ ಹೇಳುತ್ತೇನೆ.

ನಿಮ್ಮ ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂಥದ್ದು ಕಂಡರೆ ಒರೆಸಬೇಡಿ. ಮುಟ್ಟಿ ನೋಡಿ, ಕೊಂಬಿನಂಥದ್ದನ್ನು ಹೊರಚಾಚಿ ನಾತ ಬಿಟ್ಟರೆ ಅದು ಬಹುಶಃ ನಿಂಬೆ ಚಿಟ್ಟೆಯ ಮರಿಹುಳ. ಬೆಳೆದಂತೆ ಹಸಿರಾಗಿ, ಕೋಶ ಕಟ್ಟಿ, ಕಪ್ಪು ರೆಕ್ಕೆಯ ಮೇಲೆ ಹಳದಿ ಮಚ್ಚೆ ಹೊತ್ತು ಹಾರಿಹೋಗುತ್ತದೆ. ಅಷ್ಟರಲ್ಲಿ ಒಂದು ಟೊಂಗೆ ಬೋಳಾದರೆ ಆಗಲಿ, ಒಗ್ಗರಣೆಗೆ ಕರಿಬೇವು ಸಂತೆಯಲ್ಲಿ ಸಿಗುತ್ತದೆ.