ಭೀಮಾತೀರದಲ್ಲೊಂದು ಬಲೆಯ ಪಾಠ

ಆಳಂದ, ಅಫಜಲಪುರ, ಜೇವರ್ಗಿ ಎಂಬ ಕಲಬುರಗಿ ಜಿಲ್ಲೆಯ ಮೂರು ತಾಲ್ಲೂಕುಗಳನ್ನು ನೀರಿನ ಜಾಡು ಹಿಡಿದು ನೋಡಿದವರು ವಿರಳ. ಆಳಂದದ ಸೀಮೆಯಲ್ಲಿ ಹರಿಯುವ ಅಮರ್ಜಾ ನದಿಯು ಕೊರಳ್ಳಿಯ ಬಳಿಯ ಅಣೆಕಟ್ಟನ್ನು ದಾಟಿ, ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದಲ್ಲಿ ಭೀಮೆಯನ್ನು ಸೇರುವುದು. ಅಲ್ಲಿಂದ ಭೀಮೆಯು ಜೇವರ್ಗಿಯ ಕರಿನೆಲದ ಹೊಲಗಳ ಅಂಚಿನಲ್ಲಿ ಹಾಯ್ದು, ರಾಯಚೂರಿನ ಉತ್ತರಕ್ಕೆ ಕೃಷ್ಣೆಯಲ್ಲಿ ಒಂದಾಗುವಳು. ಸಂಗಮದ ಸ್ನಾನಕ್ಕೂ ದತ್ತಾತ್ರೇಯನ ದರ್ಶನಕ್ಕೂ ಬರುವ ಯಾತ್ರಿಕರು ಅಸಂಖ್ಯರು. ನಾವೂ ಕಳೆದ ಬೇಸಗೆಯಲ್ಲಿ ಆಳಂದದಿಂದ ಹೊರಟು, ಸಂಗಮದಲ್ಲಿ ಮಿಂದು, ಜೇವರ್ಗಿಯ ಕಡೆಯ ಒಂದು ದಂಡೆಯೂರಿಗೆ ಹೋದೆವು. ಹೋದ ಕಾರಣವನ್ನು ಕೇಳಿ ವಾಚಕರು ನಗಬಾರದು: ಬಲೆ ಬೀಸುವುದನ್ನು ಕಲಿಯುವುದಕ್ಕೆ!

ನಮ್ಮ ಮನೆಯಲ್ಲಿ ಮೀನು ಬೇಯಿಸುವ ರೂಢಿಯಿಲ್ಲ. ಆದರೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು ೧೧೨೯ರಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದ ೧೦೦ ಅಧ್ಯಾಯಗಳಲ್ಲಿ ‘ಮತ್ಸ್ಯವಿನೋದ’ವೆಂಬುದೂ ಒಂದು. ಮೀನಿನ ಜಾತಿಗಳು, ಅವಕ್ಕೆ ಒಡ್ಡುವ ಆಹಾರ, ಗಾಳ, ದಾರ ಎಲ್ಲವೂ ಅಲ್ಲಿವೆ. ಮತ್ಸ್ಯಶಾಸ್ತ್ರಜ್ಞರಾದ ಸುಂದರಲಾಲ ಹೋರಾ ಅವರು ೧೯೫೧ರಲ್ಲಿ ಅದನ್ನು ಕುರಿತು ಪ್ರಬಂಧ ಬರೆದರು. ನಿವೃತ್ತರಾದ ಮೇಲೆ ನಾವು ಆ ಅಧ್ಯಾಯವನ್ನು ಓದಿದೆವು. ಪದವಿಭಾಗವಾಯಿತು, ಅನ್ವಯವಾಯಿತು, ಆದರೆ ದಂಡೆಯಲ್ಲಿ ನಿಂತವನು ದೂರದ ಮೀನನ್ನು ಮುಟ್ಟುವ ಬಗೆ ಹೇಗೆಂಬುದು ನಮಗೆ ಹೊಳೆಯಲಿಲ್ಲ. ಕೋಶವನ್ನು ಮುಚ್ಚಿ ಹೊಳೆಗೆ ಹೋಗುವುದೇ ಸರಿಯೆನಿಸಿತು.

ಅಲ್ಲಿ ನಮಗೆ ದೊರೆತ ಗುರು ನಮ್ಮ ಹಳೆಯ ಶಿಷ್ಯನೇ, ಅಂಬಿಗರವನು. ಮೂವತ್ತೈದು ವರ್ಷಗಳ ಹಿಂದೆ ನಮ್ಮ ತರಗತಿಯಲ್ಲಿ ಕುಳಿತವನು. ಕಾಗುಣಿತ ಬರೆಯಲಾರದೆ ತಡವರಿಸುತ್ತಿದ್ದ ಅವನಿಗೆ, “ನಿನ್ನ ಕೈಗೆ ಅಕ್ಷರ ಹತ್ತುವುದಿಲ್ಲ” ಎಂದು ಎಲ್ಲ ಹುಡುಗರೆದುರಿಗೆ ಅಂದುಬಿಟ್ಟೆವು. ಮರುವಾರದಿಂದ ಅವನು ಶಾಲೆಗೆ ಬರಲಿಲ್ಲ. ಆ ಮಾತನ್ನು ಅವನು ಮರೆತಿದ್ದನೋ ಇಲ್ಲವೋ, ನಾವಂತೂ ಮರೆತಿರಲಿಲ್ಲ.

ಬೀಸುಬಲೆಯು ಬಿಚ್ಚಿದಾಗ ಕೊಡೆಯಂತಿರುವುದು. ಅಂಚಿನ ಸುತ್ತಲೂ ಸೀಸದ ಗುಂಡುಗಳು. ನೆತ್ತಿಗೆ ಕಟ್ಟಿದ ಹಗ್ಗದ ತುದಿ ಎಡ ಮಣಿಕಟ್ಟಿಗೆ. ಅಂಚಿನ ಒಂದು ಪಾಲನ್ನು ಎಡ ಮೊಣಕೈಯ ಮೇಲೆ ಹಾಕಿ, ಇನ್ನೊಂದು ಪಾಲನ್ನು ಬಲಗೈಯಲ್ಲಿ ಹಿಡಿದು, ಮೈಯನ್ನು ಹಿಂದಕ್ಕೆ ತಿರುಗಿಸಿ, ಮರಳಿ ಮುಂದಕ್ಕೆ ತಿರುಗುವಾಗ ಬಿಡಬೇಕು. ಗುಂಡುಗಳು ಹೊರಹೊರಕ್ಕೆ ಎಳೆಯುವುದರಿಂದ ಬಲೆಯು ಗಾಳಿಯಲ್ಲಿಯೇ ದುಂಡಗೆ ಹರಡಿಕೊಳ್ಳುವುದು.

ದೂರ ಬೀಸುವ ಅಗತ್ಯವೇನೆಂದರೆ, ಬೇಸಗೆಯಲ್ಲಿ ನೀರು ತಿಳಿ, ಆಳ ಕಡಿಮೆ. ಮೀನಿನ ಪಕ್ಕೆಯುದ್ದಕ್ಕೂ ನೀರಿನ ಅಲುಗಾಟವನ್ನು ಅರಿಯುವ ಒಂದು ರೇಖೆಯಿದೆ; ಹೊಳೆಯಲ್ಲಿ ನಾವು ಎರಡು ಹೆಜ್ಜೆ ಇಡುವಷ್ಟರಲ್ಲಿ ಅದು ಮಡುವನ್ನು ಸೇರಿರುವುದು. ಆದುದರಿಂದ ನೆರಳು ಹಿಂದೆ ಬೀಳುವಂತೆ ಸೂರ್ಯನಿಗೆ ಮುಖಮಾಡಿ, ಅಲುಗದೆ ನಿಂತು, ದೂರದಿಂದಲೇ ಬೀಸಬೇಕು.

ನಾವು ಬೀಸಿದ ಬಲೆಯು ಮೊದಲ ದಿನ ಒದ್ದೆ ಬಟ್ಟೆಯ ಗಂಟಿನಂತೆ ಕಾಲ ಬಳಿಯೇ ಬಿದ್ದಿತು. ಮರುದಿನ ಹೆಚ್ಚು ಬಲ ಹಾಕಿದೆವು. ಬಲೆಯೊಡನೆ ನಾವೂ ಬಿದ್ದೆವು. ದಂಡೆಯ ಮಕ್ಕಳು ಕೇಕೆ ಹಾಕಿದರು. ಶಿಷ್ಯನು ಮಾತ್ರ ನಗದೆ ಕೈಹಿಡಿದು ಎಬ್ಬಿಸಿ, “ಮಾಸ್ತರ್ರ, ತೋಳಿನ ಬಲ ಬ್ಯಾಡ್ರಿ. ಟೊಂಕ ತಿರುಗಸ್ರಿ, ಬಲಿ ತಾನೇ ಹೋಗ್ತದ” ಎಂದನು.

ಇದು ನಮ್ಮ ಹೊಳೆಯೊಂದರ ಶಾಸ್ತ್ರವಲ್ಲ. ಗರಿಯಿಂದ ಹುಳದಂತೆ ಕಟ್ಟಿದ ಹಗುರ ಗಾಳವನ್ನು ಬೀಸುವ ಪಾಶ್ಚಾತ್ಯರಿಗೂ ಇದೇ ಪಾಠ. ಅವರ ಗಾಳಕ್ಕೆ ತೂಕವಿಲ್ಲ. ದಾರದ ತೂಕವೇ ಅದನ್ನು ಹೊತ್ತೊಯ್ಯಬೇಕು. ಕೋಲನ್ನು ಹಿಂದಕ್ಕೆ ಬೀಸುವಾಗ ಒಮ್ಮೆ, ಮುಂದಕ್ಕೆ ಬೀಸುವಾಗ ಒಮ್ಮೆ, ಇನ್ನೊಂದು ಕೈಯಿಂದ ದಾರವನ್ನು ಚುರುಕಾಗಿ ಜಗ್ಗಿದರೆ ಗಾಳವು ಬಹುದೂರ ಹಾರುವುದು. ಅಲ್ಲಿಯೂ ಬಲಕ್ಕಿಂತ ಹೊತ್ತರಿತು ಬಿಡುವುದೇ ದೊಡ್ಡದು.

ಒಂಬತ್ತನೆಯ ದಿನ ಬಲೆ ಬಿಚ್ಚಿತು. ಪೂರ್ಣಚಂದ್ರನಂತಲ್ಲ, ಅಷ್ಟಮಿಯ ಚಂದ್ರನಂತೆ; ಮೂರು ಸಣ್ಣ ಮೀನುಗಳು ಬಿದ್ದವು. ಅವುಗಳನ್ನು ಶಿಷ್ಯನ ಬುಟ್ಟಿಗೆ ಹಾಕಿ ದಂಡೆಯಲ್ಲಿ ಕುಳಿತಾಗ ನಾವು ಧೈರ್ಯಮಾಡಿ ಹೇಳಿದೆವು: “ಅಪ್ಪಾ, ಅಂದು ನಿನಗೆ ಅನ್ನಬಾರದ ಮಾತನ್ನು ಅಂದೆ.”

ಬಲೆಯ ಕಣ್ಣಿಗೆ ಸಿಕ್ಕಿದ ಪಾಚಿಯನ್ನು ಬಿಡಿಸುತ್ತಿದ್ದವನು ತಲೆಯೆತ್ತಲಿಲ್ಲ. “ಕೈಗೆ ಹತ್ಲಾಕ ವ್ಯಾಳ್ಯಾ ಬೇಕ್ರಿ ಮಾಸ್ತರ್ರ. ನಿಮಗೂ ಒಂಬತ್ತು ದಿನ ಹಿಡೀತಲ್ರಿ” ಎಂದನಷ್ಟೆ.

ಅವನಿಗೆ ನಾವು ಎಷ್ಟು ದಿನ ಕೊಟ್ಟಿದ್ದೆವು? ಲೆಕ್ಕ ಹಾಕಲು ನಾಚಿಕೆಯಾಗುವುದು. ಅರಸನಿಗೆ ವಿನೋದವಾದುದು ಅವನಿಗೆ ಹೊಟ್ಟೆಯ ಪಾಡು. ಆದರೂ ಒಂಬತ್ತು ಬೆಳಗುಗಳ ದುಡಿಮೆಯನ್ನು ಬಿಟ್ಟು ನಮಗೆ ಕಲಿಸಿದನು. ಗೃಹಸ್ಥರಾದ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ: ಮನೆಯ ಮಗುವಿನ ಕೈಗೆ ಯಾವುದೋ ವಿದ್ಯೆ ಹತ್ತಲಿಲ್ಲವೆಂದು ತೀರ್ಪು ಕೊಡುವ ಮುನ್ನ ಇನ್ನೂ ಒಂಬತ್ತು ದಿನ ತಾಳಿರಿ.