ಎಷ್ಟು ಮಾರ್ಕ್ಸಿನ ಪ್ರಶ್ನೆ?

ಇಟಲಿಗೆ ಓದಲು ಹೊರಟ ಮಕ್ಕಳ ಫೈಲು ಮಕ್ಕಳಿಗಿಂತ ಮೊದಲೇ ತಯಾರಾಗಿರುತ್ತದೆ. ಎಸ್ಸೆಸ್ಸೆಲ್ಸಿ ಮತ್ತು ಸೆಕೆಂಡ್ ಪಿಯುಸಿ ಮಾರ್ಕ್ಸ್ ಕಾರ್ಡು, ಅವುಗಳ ಬೆನ್ನಿಗೆ ಅಪೊಸ್ಟಿಲ್ ಮುದ್ರೆ, ಯೂನಿವರ್ಸಿಟಾಲಿ ಪೋರ್ಟಲ್ಲಿನಲ್ಲಿ ಹಾಕಿದ ಅರ್ಜಿಯ ಪ್ರತಿ, ವಿಶ್ವವಿದ್ಯಾಲಯದ ಪ್ರವೇಶಪತ್ರ, ಬ್ಯಾಂಕ್ ಸ್ಟೇಟ್‌ಮೆಂಟು, ನಾಡಕಚೇರಿಯಿಂದ ತಂದ ಆದಾಯ ಪ್ರಮಾಣಪತ್ರ, ಹೊಲಮನೆಯವರಾದರೆ ಪಹಣಿ, ಬೇಕಾದವುಗಳ ಇಟಾಲಿಯನ್ ಅನುವಾದ. ಒಂದೊಂದೂ ಒಂದೊಂದು ಪ್ಲಾಸ್ಟಿಕ್ ಕವರಿನಲ್ಲಿ, ಬಣ್ಣದ ಚೀಟಿ ಅಂಟಿಸಿಕೊಂಡು ಕೂತಿರುತ್ತವೆ. ಪಕ್ಕದ ಕುರ್ಚಿಯಲ್ಲಿ ಕೂತ ಹದಿನೆಂಟರ ಮಗು ಮಾತ್ರ ನಾನು ಏನು ಕೇಳಿದರೂ ಅಪ್ಪನ ಮುಖ ನೋಡುತ್ತದೆ. ಉತ್ತರವನ್ನು ಅಪ್ಪನೇ ಹೇಳುತ್ತಾರೆ.

ನಾನು ಸಂಶೋಧನೆಗೆಂದು ಪಾದುವಾದಲ್ಲಿ ಕೆಲವು ವರ್ಷ ಇದ್ದವಳು. ಈಗ ಧಾರವಾಡದಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಪಿಯು ರಿಸಲ್ಟ್ ಬಂದ ಮೇಲೆ ಪರಿಚಯದವರು, ಪರಿಚಯದವರ ಪರಿಚಯದವರು ಮಕ್ಕಳನ್ನು ಕರೆದುಕೊಂಡು ಮನೆಗೆ ಬರುತ್ತಾರೆ. ಮೊದಲೆಲ್ಲ ಇಟಲಿಗೆ ಹೋಗುತ್ತಿದ್ದವರು ಬಿಇ, ಎಂಎಸ್ಸಿ ಮುಗಿಸಿದವರು. ಈಗ ಪಿಯುಸಿ ಮುಗಿಸಿದ ಕೂಡಲೇ ಹೊರಡುವವರೂ ಇದ್ದಾರೆ. ಹನ್ನೆರಡು ವರ್ಷ ಓದಿದ್ದರೆ ಅಲ್ಲಿನ ಮೂರು ವರ್ಷದ ಪದವಿಗೆ ಅರ್ಜಿ ಹಾಕಬಹುದು, ಇಂಗ್ಲಿಷಿನಲ್ಲೇ ಕಲಿಸುವ ಕೋರ್ಸುಗಳೂ ಇವೆ.

ಹಾವೇರಿ, ಗದಗ ಕಡೆಯ ರೈತರ ಮನೆಗಳಲ್ಲಿ ಇಟಲಿಯ ಮಾತು ನಡೆಯುವುದಕ್ಕೆ ಕಾರಣ ವಿದ್ಯಾರ್ಥಿವೇತನ. 1948ರಲ್ಲಿ ಜಾರಿಗೆ ಬಂದ ಇಟಲಿಯ ಸಂವಿಧಾನದ 34ನೇ ವಿಧಿ, ಓದುವ ಶಕ್ತಿಯಿದ್ದೂ ಅನುಕೂಲವಿಲ್ಲದವರಿಗೆ ಅತ್ಯುನ್ನತ ಶಿಕ್ಷಣದವರೆಗೆ ಹೋಗುವ ಹಕ್ಕು ಕೊಟ್ಟಿದೆ. ಆ ಹಕ್ಕನ್ನು ನಡೆಸಿಕೊಡುವುದು ಅಲ್ಲಿನ ಪ್ರಾಂತ್ಯಗಳು. ಬೊಲೊನ್ಯ ಕಡೆ ಎರ್ಗೊ, ತೊರಿನೊ ಕಡೆ ಎದಿಸು, ಪಾದುವಾದಲ್ಲಿ ಎಸು ಎಂಬ ಸಂಸ್ಥೆಗಳು ವಿದ್ಯಾರ್ಥಿವೇತನ, ಹಾಸ್ಟೆಲ್ಲು, ಮೆನ್ಸಾ ಎಂಬ ಊಟದ ಮನೆ ಎಲ್ಲ ನೋಡಿಕೊಳ್ಳುತ್ತವೆ. ಮೊದಲ ವರ್ಷ ಮುಖ್ಯವಾಗಿ ಮನೆಯ ಆದಾಯ ಮತ್ತು ಆಸ್ತಿಯ ಲೆಕ್ಕ ನೋಡುತ್ತಾರೆ. ಹೊರಗಿನವರಿಗೂ ಅದೇ ನಿಯಮ. ಆ ದೇಶದ ಬಗ್ಗೆ ನನಗಿರುವ ಗೌರವಕ್ಕೆ ಇದು ದೊಡ್ಡ ಕಾರಣ.

ಆದರೆ ಆ ದುಡ್ಡಿಗೆ ಒಂದು ಷರತ್ತಿದೆ, ಅದನ್ನು ಏಜೆಂಟರು ಮೆಲ್ಲಗೆ ಹೇಳಿ ಮುಂದೆ ಹೋಗುತ್ತಾರೆ. ವರ್ಷಕ್ಕೆ 60 ಕ್ರೆಡಿಟ್ಟಿನ ಓದು. ಮೊದಲ ವರ್ಷದ ಆಗಸ್ಟ್ 10ರೊಳಗೆ ಅದರಲ್ಲಿ ಸಾಧಾರಣವಾಗಿ 20 ಕ್ರೆಡಿಟ್ಟಾದರೂ ಪಾಸಾಗಿರಬೇಕು. ಇಲ್ಲದಿದ್ದರೆ ಎರಡನೇ ಕಂತು ನಿಲ್ಲುತ್ತದೆ. ಆಮೇಲೂ ಆಗದಿದ್ದರೆ ಮೊದಲು ಕೊಟ್ಟದ್ದನ್ನೂ ವಾಪಸು ಕೇಳುತ್ತಾರೆ. ಇಪ್ಪತ್ತು ಕ್ರೆಡಿಟ್ ಎಂದರೆ ಎರಡು ಮೂರು ವಿಷಯ. ತೊಂಬತ್ತೈದು ಪರ್ಸೆಂಟ್ ತೆಗೆದ ಮಕ್ಕಳ ಅಪ್ಪಂದಿರು ಇದನ್ನು ಕೇಳಿ ನಗುತ್ತಾರೆ. ಅಲ್ಲಿಂದಲೇ ನನ್ನ ಕೆಲಸ ಶುರುವಾಗುತ್ತದೆ.

ಬ್ಯಾಡಗಿ ಕಡೆಯಿಂದ ಬಂದಿದ್ದ ಒಬ್ಬ ಹುಡುಗಿಗೆ ನಾನು ಹೇಳಿದೆ: "ಸೆಲ್ ಮೆಂಬ್ರೇನ್ ಬಗ್ಗೆ ಹೇಳವ್ವಾ. ಎಲ್ಲಿಂದ ಬೇಕಾದರೂ ಶುರು ಮಾಡು." ಜೀವಶಾಸ್ತ್ರದಲ್ಲಿ ಅವಳಿಗೆ ನೂರಕ್ಕೆ ತೊಂಬತ್ತೆಂಟು ಬಂದಿತ್ತು. ಅವಳು ಕೈ ಕಟ್ಟಿಕೊಂಡು ನೆಟ್ಟಗೆ ಕೂತಳು. ಬಾಯಿ ತೆರೆದಳು, ಮುಚ್ಚಿದಳು. ಆಮೇಲೆ ಕೇಳಿದಳು: "ಎಷ್ಟು ಮಾರ್ಕ್ಸಿನ ಪ್ರಶ್ನೆರೀ ಮೇಡಂ?"

ಅವಳು ಕೇಳಿದ್ದು ನ್ಯಾಯವಾಗಿಯೇ ಇತ್ತು. ಎರಡು ಮಾರ್ಕ್ಸಿನದಾದರೆ ವ್ಯಾಖ್ಯೆ, ಮೂರಕ್ಕೆ ವ್ಯಾಖ್ಯೆ ಮತ್ತು ಲಕ್ಷಣ, ಐದಕ್ಕೆ ಚಿತ್ರ ಬರೆದು ಭಾಗ ಗುರುತಿಸಬೇಕು. ಉತ್ತರದ ಅಳತೆಯನ್ನು ಪ್ರಶ್ನೆಪತ್ರಿಕೆಯೇ ಬಲಗಡೆ ಅಂಚಿನಲ್ಲಿ ಹೇಳಿಕೊಡುತ್ತದೆ ಎಂದು ನಾವೇ ಅವಳಿಗೆ ಕಲಿಸಿದ್ದೇವೆ. ಸಿಇಟಿ, ನೀಟ್ ಎಂದು ಎರಡು ವರ್ಷ ಉತ್ತರದ ಹಾಳೆಯಲ್ಲಿ ಗೋಲಿ ತುಂಬಿದ ಮೇಲಂತೂ ವಾಕ್ಯ ಮಾಡುವ ಅಭ್ಯಾಸವೇ ತಪ್ಪಿಹೋಗುತ್ತದೆ. ಆ ಹುಡುಗಿಗೆ ಗೊತ್ತಿಲ್ಲದ್ದೇನೂ ಇರಲಿಲ್ಲ. ಗೊತ್ತಿದ್ದನ್ನು ಎದುರಿಗೆ ಕೂತ ಮನುಷ್ಯನಿಗೆ ಬಾಯಿಬಿಟ್ಟು ಹೇಳುವ ಪ್ರಸಂಗ ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ.

ಇಟಲಿಯಲ್ಲಿ ಪರೀಕ್ಷೆ ಎಂದರೆ ಬಹಳಷ್ಟು ಸಲ ಅದೇ. ಲಿಖಿತ ಪರೀಕ್ಷೆಯೂ ಇರುತ್ತದೆ, ಆದರೆ ಮೌಖಿಕ ಪರೀಕ್ಷೆಯ ಸಂಪ್ರದಾಯ ಅಲ್ಲಿ ಗಟ್ಟಿ. ಪ್ರೊಫೆಸರ್ ಮೇಜಿನ ಆಚೆ, ವಿದ್ಯಾರ್ಥಿ ಈಚೆ. ನಿಮಗೆ ಇಷ್ಟವಾದ ವಿಷಯದಿಂದ ಶುರು ಮಾಡಿ ಎನ್ನುವ ಪ್ರೊಫೆಸರುಗಳು ಕಡಿಮೆಯಿಲ್ಲ. ಹೇಳುತ್ತಾ ಹೋದಂತೆ ನಡುವೆ ತಡೆದು ಯಾಕೆ ಎನ್ನುತ್ತಾರೆ, ಹಾಗಲ್ಲದಿದ್ದರೆ ಏನಾಗುತ್ತಿತ್ತು ಎನ್ನುತ್ತಾರೆ. ಅರ್ಧ ಗಂಟೆಯಲ್ಲಿ ಈ ಮಗುವಿಗೆ ಎಷ್ಟು ತಿಳಿದಿದೆ ಎನ್ನುವುದು ಅವರಿಗೆ ಸ್ಪಷ್ಟವಾಗುತ್ತದೆ. ಅಂಕ 30ಕ್ಕೆ, ಪಾಸಾಗಲು 18. ಬಲು ಚೆನ್ನಾಗಿ ಹೇಳಿದವರಿಗೆ ಮೂವತ್ತರ ಜತೆಗೆ 'ಲೋದೆ' ಎಂಬ ಮೆಚ್ಚುಗೆ.

ಪಾದುವಾ ವಿಶ್ವವಿದ್ಯಾಲಯದ ಹಳೆಯ ಕಟ್ಟಡ ಪಲಾತ್ಸೊ ಬೊ. ಅಲ್ಲಿ ಒಂದು ಮೆಟ್ಟಿಲ ಬುಡದಲ್ಲಿ ಎಲೆನಾ ಲುಕ್ರೆತ್ಸಿಯಾ ಕೊರ್ನಾರೊ ಪಿಸ್ಕೊಪಿಯಾಳ ಪ್ರತಿಮೆ ಇದೆ. ಅವಳು ಕೇಳಿದ್ದು ಧರ್ಮಶಾಸ್ತ್ರದ ಪದವಿ. ಹೆಣ್ಣಿಗೆ ಅದು ಸಲ್ಲದೆಂದು ಬಿಷಪ್ಪರು ತಡೆದರು. ಕೊನೆಗೆ ತತ್ತ್ವಶಾಸ್ತ್ರಕ್ಕೆ ಒಪ್ಪಿಗೆಯಾಯಿತು. 1678ರ ಜೂನ್ 25ರಂದು ಪರೀಕ್ಷೆ. ಕೇಳಲು ಬಂದ ಜನ ಹಿಡಿಸುವುದಿಲ್ಲವೆಂದು ಅದನ್ನು ಊರಿನ ಕತೀಡ್ರಲ್ಲಿಗೆ ಸ್ಥಳಾಂತರಿಸಿದರು. ಅರಿಸ್ಟಾಟಲನ ಗ್ರಂಥಗಳಿಂದ ಆರಿಸಿಕೊಟ್ಟ ಭಾಗಗಳ ಮೇಲೆ ಅವಳು ಲ್ಯಾಟಿನ್ನಿನಲ್ಲಿ ಮಾತಾಡಿ ಡಾಕ್ಟರೇಟ್ ಪಡೆದಳು. ವಿಶ್ವವಿದ್ಯಾಲಯದಿಂದ ತತ್ತ್ವಶಾಸ್ತ್ರದ ಡಾಕ್ಟರೇಟ್ ಪಡೆದ ಮೊದಲ ಮಹಿಳೆ. ಹೆಣ್ಣುಮಕ್ಕಳಿಗೆಲ್ಲ ನಾನು ಈ ಕತೆ ಹೇಳುತ್ತೇನೆ. ಅವಳನ್ನು ಪರೀಕ್ಷಿಸಿದ ರೀತಿಗೂ ಮುಂದಿನ ಜನವರಿಯಲ್ಲಿ ಇವರನ್ನು ಪರೀಕ್ಷಿಸುವ ರೀತಿಗೂ ಇರುವ ನಂಟು ಅವರಿಗೆ ಗೊತ್ತಾಗಲಿ ಎಂದು. ಆ ಕಟ್ಟಡದ ಗೋಡೆ, ಛಾವಣಿಗಳ ತುಂಬ, ಹಿಂದೆ ಅಲ್ಲಿಗೆ ಬಂದವರ ಕುಲಲಾಂಛನಗಳಿವೆ. 1222ರಲ್ಲಿ ಆ ವಿಶ್ವವಿದ್ಯಾಲಯ ಹುಟ್ಟಿದ್ದೇ ಬೊಲೊನ್ಯ ಬಿಟ್ಟು ಬಂದ ಗುರುಶಿಷ್ಯರಿಂದ. ದೂರದಿಂದ ಓದಲು ಬರುವವರು ಆ ಊರಿಗೆ ಹೊಸಬರಲ್ಲ.

ಮೌಖಿಕ ಪರೀಕ್ಷೆ ಬಹಿರಂಗವಾಗಿ ನಡೆಯುತ್ತದೆ, ಯಾರು ಬೇಕಾದರೂ ಹಿಂದೆ ಕೂತು ಕೇಳಬಹುದು. ಹೊಸ ಮಕ್ಕಳಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ನಿಮ್ಮ ಸರದಿಗೆ ಮೊದಲು ಹೋಗಿ ಬೇರೆಯವರದನ್ನು ಕೇಳಿ ಎಂದು ಎಲ್ಲರಿಗೂ ಹೇಳುತ್ತೇನೆ. ಹಾಗೆ ಕೂತಿದ್ದಾಗ ನಾನು ನೋಡಿದ್ದೊಂದು. ಒಬ್ಬ ಇಟಾಲಿಯನ್ ಹುಡುಗನಿಗೆ ಪ್ರೊಫೆಸರ್ 22 ಕೊಡುತ್ತೇನೆ ಎಂದರು. ಅವನು ಸ್ವಲ್ಪ ಯೋಚಿಸಿ, ಬೇಡ, ಇನ್ನೊಂದು ಸಲ ಬರುತ್ತೇನೆ ಎಂದ. ಪ್ರೊಫೆಸರ್ ಆಗಲಿ ಎಂದು ತಲೆ ಅಲ್ಲಾಡಿಸಿ ಮುಂದಿನವರನ್ನು ಕರೆದರು. ಯಾರಿಗೂ ಸಿಟ್ಟಿಲ್ಲ, ಅವಮಾನವಿಲ್ಲ. ಕೊಟ್ಟ ಅಂಕ ಬೇಡವೆನ್ನಲು ಅಲ್ಲಿ ಅವಕಾಶವಿದೆ. ಒಂದೇ ವಿಷಯಕ್ಕೆ ಚಳಿಗಾಲದಲ್ಲಿ, ಬೇಸಿಗೆಯಲ್ಲಿ, ಸೆಪ್ಟೆಂಬರಿನಲ್ಲಿ ಬೇರೆ ಬೇರೆ ದಿನಾಂಕ ಇರುತ್ತವೆ. ನಮ್ಮ ಮಕ್ಕಳು ಗುರುಗಳು ಕೊಟ್ಟದ್ದನ್ನು ಬೇಡ ಎನ್ನುವುದೇ ಉದ್ಧಟತನ ಎಂದು ನಂಬಿ ಬೆಳೆದವರು. ಅದಕ್ಕೇ ನನ್ನ ಮನೆಯಲ್ಲಿ ಅದನ್ನೂ ಅಭ್ಯಾಸ ಮಾಡಿಸುತ್ತೇನೆ. ಸುಮ್ಮನೆ 19 ಕೊಡುತ್ತೇನೆ, ಬೇಡ ಎನ್ನು ಎನ್ನುತ್ತೇನೆ. ಕೆಲವರಿಗೆ ಆ ಒಂದು ಮಾತು ಹೊರಡಲು ವಾರ ಹಿಡಿಯುತ್ತದೆ.

ಬ್ಯಾಡಗಿಯ ಹುಡುಗಿ ದಿನಾ ಸಂಜೆ ಫೋನಿನಲ್ಲಿ ಒಂದೊಂದು ವಿಷಯ ಹೇಳುತ್ತಿದ್ದಳು. ಮೊದಮೊದಲು ಒಂದು ನಿಮಿಷಕ್ಕೆ ಮುಗಿದುಹೋಗುತ್ತಿತ್ತು. ತಾಯಿಗೆ ಹೇಳು, ಅವರಿಗೆ ಅರ್ಥವಾಗುವ ಹಾಗೆ ಹೇಳು ಎಂದೆ. ಅವರು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ ಕೇಳಿ, "ಹಂಗಾದ್ರ ಉಪ್ಪು ಒಳಗ ಹೆಂಗ ಹೊಕ್ಕೈತಿ?" ಎಂದರಂತೆ. ಸೆಲ್ ಮೆಂಬ್ರೇನ್, ಅಂದರೆ ಜೀವಕೋಶದ ಪೊರೆಯನ್ನು ದಾಟಿ ಉಪ್ಪಿನಂಶ ಹೇಗೆ ಒಳಹೋಗುತ್ತದೆ ಎನ್ನುವುದು ಆ ಪಾಠದ ಜೀವಾಳದ ಪ್ರಶ್ನೆ. ಅದಕ್ಕಿಂತ ಒಳ್ಳೆಯ ಪರೀಕ್ಷಕರನ್ನು ನಾನು ಹುಡುಕಿಕೊಡಲಾರೆ.

ಮಾತಿನ ಜತೆಗೆ ಬೇಕಾದ ಇನ್ನೊಂದು ತಯಾರಿ ಖಾಲಿ ದಿನಗಳಿಗೆ. ಅಕ್ಟೋಬರ್ ಹೊತ್ತಿಗೆ ಕ್ಲಾಸು ಶುರು, ಪರೀಕ್ಷೆ ಜನವರಿ ಫೆಬ್ರವರಿಯಲ್ಲಿ. ನಡುವೆ ಯೂನಿಟ್ ಟೆಸ್ಟಿಲ್ಲ, ಬಹುಪಾಲು ಕೋರ್ಸುಗಳಲ್ಲಿ ಹಾಜರಿ ಕೂಗುವವರಿಲ್ಲ, ಬರದಿದ್ದರೆ ಮನೆಗೆ ಫೋನ್ ಮಾಡುವವರಿಲ್ಲ. ಒಂದು ಕ್ರೆಡಿಟ್ ಎಂದರೆ 25 ಗಂಟೆಯ ಕೆಲಸ ಎಂದು ನಿಯಮ ಹೇಳುತ್ತದೆ, ಅದರಲ್ಲಿ ಹೆಚ್ಚಿನ ಪಾಲು ತಾನೇ ಕೂತು ಓದುವುದು. ಬೆಳಗ್ಗೆ ಐದಕ್ಕೆ ಎಬ್ಬಿಸಿ ರಾತ್ರಿ ಹತ್ತರವರೆಗೆ ಓದಿಸುವ ವಸತಿ ಕಾಲೇಜಿನಿಂದ ನೇರ ಅಲ್ಲಿಗೆ ಹೋದ ಮಗುವಿಗೆ ಇದು ರಜೆಯ ಹಾಗೆ ಕಾಣುತ್ತದೆ. ಡಿಸೆಂಬರ್ ಬಂದಾಗ ಕಾಲಡಿಯ ನೆಲ ಸರಿದಿರುತ್ತದೆ. ಹೀಗಾಗಿ ಹೊರಡುವ ಮುಂಚಿನ ಎರಡು ತಿಂಗಳು ಮಗುವಿಗೆ ಏಳು ಎನ್ನಬೇಡಿ, ಓದು ಎನ್ನಬೇಡಿ, ಏನು ಮಾಡುತ್ತದೋ ನೋಡಿ ಎಂದು ತಾಯಿತಂದೆಗಳನ್ನು ಕೇಳಿಕೊಳ್ಳುತ್ತೇನೆ. ಮಕ್ಕಳಿಗಿಂತ ಅವರಿಗೇ ಇದು ಕಷ್ಟ.

ಉಳಿದದ್ದನ್ನು ಬೇಗ ಹೇಳಿ ಮುಗಿಸಬಹುದು, ಆದರೆ ಬಿಡುವಂತಿಲ್ಲ. ಇಳಿದ ಎಂಟು ಕೆಲಸದ ದಿನಗಳೊಳಗೆ ವಾಸದ ಪರವಾನಗಿ, ಅಂದರೆ ಪೆರ್ಮೆಸ್ಸೊಗೆ ಅರ್ಜಿ ಹಾಕಬೇಕು. ಅರ್ಜಿಯ ಲಕೋಟೆ ಸಿಗುವುದು ಅಂಚೆಕಚೇರಿಯಲ್ಲಿ. ತಂಬಾಕಿನ ಅಂಗಡಿಯಿಂದ 16 ಯೂರೋದ ಸ್ಟಾಂಪು ತಂದು ಅಂಟಿಸಿ, ಲಕೋಟೆ ಅಂಟಿಸದೆ ಕೌಂಟರಿಗೆ ಕೊಡಬೇಕು. ಅಲ್ಲಿ ಕೊಡುವ ರಸೀದಿಯೇ ಕಾರ್ಡು ಬರುವವರೆಗೆ ಮಗುವಿನ ಆಧಾರ, ಕಾರ್ಡಿಗೆ ತಿಂಗಳುಗಟ್ಟಲೆ ಆಗುವುದುಂಟು. ಈ ಸಾಲಿನಲ್ಲಿ ಅಪ್ಪ ಇರುವುದಿಲ್ಲ. ನಾನು ಮಕ್ಕಳನ್ನು ಇಲ್ಲಿಯ ಅಂಚೆಕಚೇರಿಗೇ ಒಬ್ಬೊಬ್ಬರನ್ನಾಗಿ ಕಳಿಸಿ ಸ್ಪೀಡ್ ಪೋಸ್ಟ್ ಮಾಡಿ ಬನ್ನಿ ಎನ್ನುತ್ತೇನೆ. ಫಾರ್ಮ್ ಎಲ್ಲಿ ಎಂದು ಕೌಂಟರಿನವರನ್ನು ಕೇಳಲಾಗದೆ ವಾಪಸು ಬಂದವರಿದ್ದಾರೆ. ಮತ್ತೆ ಕಳಿಸುತ್ತೇನೆ.

ಮನೆ ಸಿಗುವುದು ಇನ್ನೂ ಕಷ್ಟ. 2023ರ ಮೇ ತಿಂಗಳಲ್ಲಿ ಬಾಡಿಗೆ ತಾಳಲಾರದೆ ಮಿಲಾನಿನ ವಿದ್ಯಾರ್ಥಿನಿಯೊಬ್ಬಳು ಕಾಲೇಜಿನೆದುರು ಟೆಂಟು ಹಾಕಿ ಮಲಗಿದಳು, ಬೇರೆ ಊರುಗಳಿಗೂ ಆ ಪ್ರತಿಭಟನೆ ಹಬ್ಬಿತು. ಕೋಣೆಯನ್ನು ಯಾರಾದರೂ ನಂಬಿಗಸ್ತರು ಕಣ್ಣಾರೆ ನೋಡುವವರೆಗೆ ಮುಂಗಡ ಕಳಿಸಬೇಡಿ. ವಿದ್ಯಾರ್ಥಿವೇತನದ ಮೊದಲ ಕಂತು ಬರುವ ಹೊತ್ತಿಗೆ ಚಳಿಗಾಲ ಬಂದಿರುತ್ತದೆ, ಅಲ್ಲಿಯವರೆಗಿನ ಬಾಡಿಗೆ ಕೈಯಲ್ಲಿರಲಿ. ಉತ್ತರ ಇಟಲಿಯ ಬಯಲು ಸೀಮೆಯ ಊರುಗಳಲ್ಲಿ ಕಟ್ಟಡದ ಹೀಟರು ಹಚ್ಚುವುದು ಸಾಮಾನ್ಯವಾಗಿ ಅಕ್ಟೋಬರ್ 15ರಿಂದ, ಅದಕ್ಕೂ ಕಾನೂನಿದೆ. ಒಂದು ಒಳ್ಳೆಯ ಕಂಬಳಿ ಚಟ್ನಿಪುಡಿಗಿಂತ ಮುಖ್ಯ.

ಊಟದ ಬಗ್ಗೆ ತಾಯಂದಿರು ಕೇಳುವಷ್ಟು ಬೇರೆ ಯಾವುದನ್ನೂ ಯಾರೂ ಕೇಳುವುದಿಲ್ಲ. ಪಾದುವಾ ಕಡೆ ಮೆಕ್ಕೆಜೋಳದ ಪೊಲೆಂತಾ ಮಾಡುತ್ತಾರೆ, ನಮ್ಮ ಜೋಳದ ಮುದ್ದೆಯ ದೂರದ ನೆಂಟ ಎನ್ನಬಹುದು. ಶುದ್ಧ ಸಸ್ಯಾಹಾರಿಗಳಿಗೆ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಪಾರ್ಮಿಜಾನೊ ಚೀಸಿಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್ಟಿನಿಂದ, ಅದರ ನಿಯಮವೇ ಹಾಗೆ. ಆ ಚೀಸು ಎಲ್ಲದರ ಮೇಲೂ ಬೀಳುತ್ತದೆ. ತಿನ್ನುವುದೋ ಬಿಡುವುದೋ ಎನ್ನುವುದನ್ನು ಮಗುವೇ ತೀರ್ಮಾನಿಸಲಿ, ಆದರೆ ತಿಳಿದು ತೀರ್ಮಾನಿಸಲಿ. ನಾಲ್ಕು ತಿಂಗಳು ತಿಂದ ಮೇಲೆ ಗೊತ್ತಾಗಿ ರಾತ್ರಿಯೆಲ್ಲ ಅತ್ತ ಹುಡುಗಿಯನ್ನು ನಾನು ಕಂಡಿದ್ದೇನೆ.

ಎಲ್ಲರಿಗೂ ಹೋಗಿ ಎಂದು ನಾನು ಹೇಳುವುದಿಲ್ಲ. ಹೋದ ವರ್ಷ ಒಬ್ಬ ಹುಡುಗನ ತಂದೆಗೆ, ಇವನು ಇಲ್ಲೇ ಬಿಎಸ್ಸಿ ಮುಗಿಸಲಿ, ಆಮೇಲೆ ಎರಡು ವರ್ಷದ ಮಾಸ್ಟರ್ಸಿಗೆ ಹೋಗಲಿ, ಅದಕ್ಕೂ ವಿದ್ಯಾರ್ಥಿವೇತನ ಇದೆ ಎಂದೆ. ಹುಡುಗ ಜಾಣ. ಆದರೆ ಒಂದು ತಿಂಗಳಿಡೀ ತನಗೆ ಬೇಕು ಎಂದು ಅವನು ಒಂದೇ ಒಂದು ವಿಷಯ ಹೇಳಿರಲಿಲ್ಲ. ಕೋರ್ಸು ಆರಿಸಿದ್ದು ಮಾವ, ಊರು ಆರಿಸಿದ್ದು ಏಜೆಂಟ್. ತಂದೆಗೆ ಬಹಳ ಬೇಸರವಾಯಿತು, ಊರಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದೇನೆ ಮೇಡಂ ಎಂದರು. ಆಗ ಹುಡುಗ ಮೊದಲ ಸಲ ಅವರ ಕಡೆ ನೋಡದೆ ಮಾತಾಡಿದ. "ನನಗ ಹೋಗೂದೈತಿರೀ, ಈಗಲ್ಲ. ಮತ್ತ ಆ ಕೋರ್ಸಿಗಂತೂ ಅಲ್ಲ." ಯಾವುದಕ್ಕೆ ಎಂದು ಕೇಳಿದೆ. ಸಸ್ಯಶಾಸ್ತ್ರ ಎಂದ, ಯಾಕೆ ಎಂದು ಹತ್ತು ನಿಮಿಷ ಹೇಳಿದ. ಈಗ ಇಲ್ಲೇ ಬಿಎಸ್ಸಿಗೆ ಸೇರಿದ್ದಾನೆ, ಶನಿವಾರ ಬಂದು ಹೊಸ ಮಕ್ಕಳಿಗೆ ಪ್ರಶ್ನೆ ಕೇಳುವ ಕೆಲಸ ಅವನದು.