ಇಂಟರ್ವಲ್ ಬೆಲ್ಲು, ಅಪ್ಪನ ಐಸ್‌ಕ್ರೀಂ ಬಕೀಟು

ಸಿನಿಮಾ ಪತ್ರಿಕೆಯಲ್ಲಿ ಇದೇನು ಅಡುಗೆಮನೆ ಪುರಾಣ ಎಂದು ಪುಟ ತಿರುವಬೇಡಿ! ಇಂಟರ್ವಲ್ ಬೆಲ್ ಹೊಡೆದ ಕೂಡಲೇ ನೀವು ಹೊರಗೆ ಓಡುತ್ತಿದ್ದುದು ಯಾತಕ್ಕೆ? ಹೀರೋಯಿನ್ ಹುಡುಕಿಕೊಂಡಂತೂ ಅಲ್ಲ!

ಚಿಕ್ಕೋಡಿಯ ಒಂದು ಟಾಕೀಸಿನ ಗೇಟಿಗೆ ನಮ್ಮಪ್ಪ ಇಪ್ಪತ್ತು ವರ್ಷ ಪಾಟ್ ಐಸ್‌ಕ್ರೀಂ ಮಾರಿದ. ಕಟ್ಟಿಗೆಯ ಬಕೀಟು, ಅದರೊಳಗೆ ತಗಡಿನ ಡಬ್ಬಿ, ಎರಡರ ನಡುವೆ ಬರ್ಫು ಮತ್ತು ಹರಳುಪ್ಪು, ಮೇಲೆ ತಿರುಗಿಸುವ ಹಿಡಿಕೆ. ಇಂಥ ಹಿಡಿಕೆಯ ಯಂತ್ರಕ್ಕೆ 1843ರಲ್ಲಿ ಪೇಟೆಂಟ್ ಪಡೆದವಳು ಅಮೆರಿಕದ ನ್ಯಾನ್ಸಿ ಜಾನ್ಸನ್ ಎಂಬ ಹೆಣ್ಣುಮಗಳು. ಅಪ್ಪನಿಗೆ ಆಕೆಯ ಹೆಸರು ಗೊತ್ತಿಲ್ಲ. ಆದರೆ ಆಕೆಯ ಹಿಡಿಕೆ ತಿರುಗಿಸಿಯೇ ನಮಗೆಲ್ಲ ರೊಟ್ಟಿ ಹಾಕಿದ.

ಅಪ್ಪನದೇ ಒಂದು ಚಿತ್ರವಿಮರ್ಶೆ ಇತ್ತು. ಹೊಡೆದಾಟದ ಚಿತ್ರಕ್ಕೆ ಸೋಡಾ ಹೋಗುತ್ತದೆ, ಅಳುವ ಚಿತ್ರಕ್ಕೆ ಐಸ್‌ಕ್ರೀಂ! 1995ರ ‘ಓಂ’ ಬಂದಾಗ ಪಕ್ಕದ ಸೋಡಾದವನು ಹೊಸ ಸೈಕಲ್ ಕೊಂಡನಂತೆ. 2002ರ ‘ತವರಿಗೆ ಬಾ ತಂಗಿ’ ಬಂದಾಗ ಅಕ್ಕಂದಿರು ಸೆರಗಿನಿಂದ ಮೂಗು ಒರೆಸುತ್ತಲೇ ಎರಡೆರಡು ಕಪ್ಪು ಖಾಲಿ ಮಾಡಿದರು, ನಮ್ಮ ಮನೆಗೆ ಮಿಕ್ಸರ್ ಬಂತು. ಯಾವ ವಿಮರ್ಶಕನಿಗೆ ಇಷ್ಟು ಖಚಿತ ಲೆಕ್ಕ ಸಿಕ್ಕೀತು ಹೇಳಿ?

ನಾನು ಆರನೇ ಇಯತ್ತೆಯಲ್ಲಿದ್ದಾಗ ಟಾಕೀಸಿಗೆ ಬೀಗ ಬಿತ್ತು. ಬಕೀಟು ಅಟ್ಟ ಏರಿತು, ಅಪ್ಪ ನಿಪ್ಪಾಣಿಯ ತಂಬಾಕು ಗೋದಾಮಿಗೆ ಹೋದ. ಮುಂದೆ ನಾನು ಪಿಯುಸಿ ಅರ್ಧಕ್ಕೆ ಬಿಟ್ಟು ಸಿನಿಮಾದ ಬಗ್ಗೆ ಬರೆಯುತ್ತೇನೆಂದೆ. ಅಪ್ಪ ಒಂದೇ ಮಾತು ಅಂದ: “ಸಿನೆಮಾ ನಂಬಿ ನಾ ಕೆಟ್ಟೆ. ನಿನಗೂ ಅದ ಬೇಕಾತೇನು?” ಅಂದಿನಿಂದ ನಮ್ಮಿಬ್ಬರ ಮಾತೆಲ್ಲ ಅವ್ವನ ಮೂಲಕ. ಒಂಥರಾ ಡಬ್ಬಿಂಗ್ ಚಿತ್ರ!

2022ರ ಮಾರ್ಚ್ 17. ಅಪ್ಪು ಹುಟ್ಟುಹಬ್ಬ. ಅವರು ಹೋಗಿ ಐದು ತಿಂಗಳೂ ಆಗಿರಲಿಲ್ಲ, ಅದೇ ದಿನ ‘ಜೇಮ್ಸ್’ ಬಿಡುಗಡೆ. ನಮ್ಮ ಗೆಳೆಯರ ಗುಂಪು ಬಸ್‌ಸ್ಟ್ಯಾಂಡಿನಲ್ಲಿ ಜನರಿಗೆ ಏನಾದರೂ ಹಂಚಬೇಕೆಂದು ನಿರ್ಧರಿಸಿತು. ಪಲಾವ್ ಅಂದರು, ಶಿರಾ ಅಂದರು. ನಾನು ಜಂಬಕ್ಕೆ, “ಅಣ್ಣಾವ್ರೂ ಅಪ್ಪೂನೂ ಒಂದು ರೂಪಾಯಿ ತಗೊಳ್ಳದ ನಂದಿನಿ ಹಾಲಿನ ಜಾಹೀರಾತು ಮಾಡಿದವರು. ಹಾಲಿಂದ ಮಾಡೂಣು, ಐಸ್‌ಕ್ರೀಂ! ನಾ ಮಾಡತೇನಿ” ಅಂದುಬಿಟ್ಟೆ. ಬಾಯಿ ಇದೆಯಲ್ಲ!

ಎರಡು ದಿನ ಮುಂಚೆ ಬಕೀಟು ಇಳಿಸಿದೆ. ವರ್ಷಗಟ್ಟಲೆ ಒಣಗಿದ ಹಲಗೆ, ಸಂದಿ ಬಿಟ್ಟಿತ್ತು. ರಾತ್ರಿಯಿಡೀ ನೀರು ತುಂಬಿಟ್ಟರೆ ಕಟ್ಟಿಗೆ ಉಬ್ಬಿ ಸಂದಿ ಕೂಡುತ್ತದೆ ಎಂದು ಅವ್ವ ಹೇಳಿಕೊಟ್ಟಳು.

ಇನ್ನು ಕಸ್ಟರ್ಡು. ಪರದೇಶದಲ್ಲಿ ಅದಕ್ಕೆ ಮೊಟ್ಟೆಯ ಹಳದಿ ಬೇಕು. ಇಂಗ್ಲೆಂಡಿನ ಆಲ್ಫ್ರೆಡ್ ಬರ್ಡ್ ಎಂಬಾತ ತನ್ನ ಹೆಂಡತಿಗೆ ಮೊಟ್ಟೆ ಆಗಿಬರುವುದಿಲ್ಲವೆಂದು 1837ರಲ್ಲಿ ಮೆಕ್ಕೆಜೋಳದ ಹಿಟ್ಟಿನ ಪುಡಿ ಕಂಡುಹಿಡಿದ. ಮೊಟ್ಟೆ ಮುಟ್ಟದ ಲಿಂಗಾಯತ, ಜೈನ ಮನೆಗಳು ಬಹಳವಿರುವ ನಮ್ಮ ಸೀಮೆಗೆ ಆ ತಾಯಿ ದೊಡ್ಡ ಉಪಕಾರ ಮಾಡಿದಳು! ಪುಡಿಯನ್ನು ತಣ್ಣನೆಯ ಹಾಲಿನಲ್ಲಿ ಕದಡಬೇಕು. ಬಿಸಿಯಲ್ಲಿ ಹಾಕಿದರೆ ಗಂಟು. ಎರಡು ಲೀಟರ್ ಎಮ್ಮೆ ಹಾಲು, ಎಂಟು ಚಮಚ ಪುಡಿ, ಪಾವ್ ಕಿಲೋ ಸಕ್ಕರೆ, ಮೇಲೊಂದು ಬಟ್ಟಲು ಕೆನೆ. ಕುದಿಸಿ, ಪೂರ್ತಿ ಆರಿಸಿದೆ. ಬದಾಮಿ, ಗೋಡಂಬಿ ತರಲು ಜೇಬಿನಲ್ಲಿ ಏನಿತ್ತು ಮಣ್ಣು? ಶೇಂಗಾ ಇತ್ತು. ಸಣ್ಣ ಉರಿಯಲ್ಲಿ ಹಂಚಿನ ಮೇಲೆ ಹುರಿದು, ಸಿಪ್ಪೆ ತಿಕ್ಕಿ, ತರಿತರಿಯಾಗಿ ಕುಟ್ಟಿದೆ.

ಪುಣ್ಯಕ್ಕೆ ಕಸ್ಟರ್ಡನ್ನು ಅರ್ಧವಷ್ಟೇ ಡಬ್ಬಿಗೆ ಸುರಿದೆ. ಶೇಂಗಾವನ್ನೂ ಜತೆಗೇ ಹಾಕಿದೆ. ಬಕೀಟಿನ ಮಗ್ಗುಲಲ್ಲಿ ಒಂದು ತೂತಿತ್ತು. ಸೋರುತ್ತದೆಂದು ಅರಿವೆ ತುರುಕಿದೆ. ಬರ್ಫು, ಉಪ್ಪು ಒಮ್ಮೆಲೇ ಸುರಿದು ತಿರುಗಿಸಿದ್ದೇ ತಿರುಗಿಸಿದ್ದು. ಅರ್ಧ ತಾಸಿಗೆ ಮುಚ್ಚಳ ತೆಗೆದು ನಾಲಿಗೆಗಿಟ್ಟರೆ… ಸಮುದ್ರ! ಕರಗಿದ ಉಪ್ಪುನೀರು ಏರಿ ಡಬ್ಬಿಯೊಳಗೆ ನುಗ್ಗಿತ್ತು. ಶೇಂಗಾ ನೆನೆದು ಮೆತ್ತಗಾಗಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಅಪ್ಪ. ಮೈಯೆಲ್ಲ ತಂಬಾಕಿನ ಘಾಟು. ಬಕೀಟು ನೋಡಿದ, ನನ್ನನ್ನು ನೋಡಲಿಲ್ಲ.

“ತೂತು ಯಾರ ಮುಚ್ಚ್ಯಾರ?” ಎಂದು ಅವ್ವನನ್ನು ಕೇಳಿದ.

“ಸೋರತೈತಂತ…” ಅಂದೆ.

“ಸೋರಬೇಕದು. ಉಪ್ಪನೀರ ಹೊರಗ ಹೋಗೂ ಬಾಗಲಾ ಅದು.”

ಅಂಗಿ ಕಳಚಿ ಗೂಟಕ್ಕೆ ಹಾಕಿ ಕುಂತ. ಡಬ್ಬಿ ತೊಳೆದ, ಉಳಿದ ಕಸ್ಟರ್ಡು ಸುರಿದ. ಮೂರು ಪಾಲು ಬರ್ಫಿಗೆ ಒಂದು ಪಾಲು ಉಪ್ಪು, ಅದೂ ಪದರ ಪದರವಾಗಿ. ಬರೀ ಬರ್ಫು ಸೊನ್ನೆ ಡಿಗ್ರಿಯಲ್ಲೇ ಕರಗುತ್ತ ಕೂರುತ್ತದೆ. ಉಪ್ಪು ಬಿದ್ದರೆ ಸೊನ್ನೆಗಿಂತ ಇಪ್ಪತ್ತರ ಆಸುಪಾಸು ಕೆಳಗಿಳಿಯುತ್ತದೆ. ಇದು ನಾನು ಪುಸ್ತಕದಲ್ಲಿ ಓದಿದ್ದು. ಅಪ್ಪ ಅಂಗೈಯನ್ನು ಬಕೀಟಿಗೆ ತಾಗಿಸಿ ಹೇಳುತ್ತಾನೆ. ಡಬ್ಬಿಯ ಗೋಡೆಗೆ ಗಟ್ಟಿಯಾದದ್ದನ್ನು ಒಳಗಿನ ಹಲಗೆ ಕೆರೆಯುತ್ತಲೇ ಇರಬೇಕು, ಹರಳು ದೊಡ್ಡದಾಗಬಾರದು, ಗಾಳಿ ಸೇರಬೇಕು. ಅದಕ್ಕೇ ಕೈ ನಿಲ್ಲಿಸುವಂತಿಲ್ಲ. ಫ್ರಿಜ್ಜಿನಲ್ಲಿ ಸುಮ್ಮನೆ ಇಟ್ಟದ್ದು ಕಲ್ಲಾಗುವುದೂ ಇದೇ ಕಾರಣಕ್ಕೆ.

ಹಿಡಿಕೆ ಭಾರವಾದಾಗ ಅಪ್ಪ ನಿಲ್ಲಿಸಿ ಕೈ ಚಾಚಿದ. ನಾನು ಹುರಿದ ಶೇಂಗಾ ಕೊಟ್ಟೆ. ಹನಿ ತುಪ್ಪದಲ್ಲಿ ಹೊರಳಿಸಿ ಸುರಿದ, ತುಪ್ಪ ಸವರಿದರೆ ಬೇಗ ನೆನೆಯುವುದಿಲ್ಲ. ಆಮೇಲೆ ಹಿಡಿಕೆ ಬಿಟ್ಟು ಎದ್ದ. ಉಳಿದದ್ದು ನಾನು ತಿರುಗಿಸಿದೆ. ತೋಳು ಬಿದ್ದುಹೋಯಿತು. ಇಪ್ಪತ್ತು ವರ್ಷ ದಿನಕ್ಕೆರಡು ಆಟ… ಲೆಕ್ಕ ಹಾಕಲು ಹೋಗಲಿಲ್ಲ.

ಅಪ್ಪ ಒಂದು ಚಮಚ ಬಾಯಿಗಿಟ್ಟ. ಶೇಂಗಾ ಕಟುಮ್ ಎಂದದ್ದು ನನಗೂ ಕೇಳಿಸಿತು.

“ಸಕ್ರಿ ಕಮ್ಮಿ ಆಗೇತಿ. ಥಂಡಿಯೊಳಗ ನಾಲಿಗಿಗೆ ಸಿಹಿ ತಿಳಿಯಂಗಿಲ್ಲ, ಒಂದ ಮುಟಗಿ ಹೆಚ್ಚ ಬೇಕು” ಅಂದ. ಆಮೇಲೆ ಅವ್ವನ ಕಡೆ ತಿರುಗಿ, “ಬಸ್‌ಸ್ಟ್ಯಾಂಡಿಗೆ ಎಷ್ಟಕ್ಕ ಹೋಗಬೇಕಂತ ಕೇಳ ಅಂವಗ.”

“ಆರಕ್ಕ” ಅಂದೆ, ಅವ್ವನ ಕಡೆಗೇ ನೋಡುತ್ತ.